ಕಾಡಂಚಿನ ಮಕ್ಕಳಿಗೂ ಕಾಡಿನ ಓದು ದಕ್ಕಲಿ

1974ರಲ್ಲಿ ಮಾರಿಷಸ್ ದ್ವೀಪದ ಕಾಡಿನಲ್ಲಿ, ಜಗತ್ತಿನ ಬೇರೆಲ್ಲೂ ಇಲ್ಲದ ಒಂದು ಜಾತಿಯ ಚಾಣ ಹಕ್ಕಿಗಳು ಉಳಿದಿದ್ದದ್ದು ನಾಲ್ಕೇ ನಾಲ್ಕು. ಅಲ್ಲಿನ ಗುಲಾಬಿ ಪಾರಿವಾಳಗಳೂ ಅದೇ ದಾರಿ ಹಿಡಿದಿದ್ದವು. ಎರಡು ವರ್ಷದ ಬಳಿಕ ಅಲ್ಲಿಗೆ ಹೋದ ಬ್ರಿಟಿಷ್ ಲೇಖಕ ಜೆರಾಲ್ಡ್ ಡರೆಲ್, ಜರ್ಸಿ ದ್ವೀಪದಲ್ಲಿ 1959ರಲ್ಲಿ ತಾವೇ ಕಟ್ಟಿದ್ದ ಮೃಗಾಲಯದಲ್ಲಿ ಮರಿ ಮಾಡಿಸಲೆಂದು ಕೆಲವು ಪಾರಿವಾಳಗಳನ್ನು ಕೊಂಡೊಯ್ದರು. ಅವರು ಮಾಡಿದ ಇನ್ನೊಂದು ಕೆಲಸ ಅಷ್ಟಾಗಿ ಸುದ್ದಿಯಾಗಲಿಲ್ಲ. ಮಾರಿಷಸ್‌ನ ಒಬ್ಬ ಯುವಕ ಜರ್ಸಿಗೆ ಬಂದು ಕಲಿಯಲು ವಿದ್ಯಾರ್ಥಿವೇತನದ ವ್ಯವಸ್ಥೆ ಮಾಡಿದರು.

ಆ ಯುವಕನ ಹೆಸರು ಯೂಸುಫ್ ಮುಂಗ್ರೂ. ಡರೆಲ್ ಸಂಸ್ಥೆಯ ತರಬೇತಿಗೆ ಬಂದ ಮೊದಲ ವಿದ್ಯಾರ್ಥಿ. ಊರಿಗೆ ಮರಳಿದ ಮುಂಗ್ರೂ ಮುಂದೆ ತಮ್ಮ ದೇಶದ ರಾಷ್ಟ್ರೀಯ ಉದ್ಯಾನ ಇಲಾಖೆಯ ಮೊದಲ ನಿರ್ದೇಶಕರಾದರು. ಮಾರಿಷಸ್‌ನ ಮೊದಲ ರಾಷ್ಟ್ರೀಯ ಉದ್ಯಾನ, ಬ್ಲ್ಯಾಕ್ ರಿವರ್ ಗಾರ್ಜಸ್, 1994ರಲ್ಲಿ ಘೋಷಣೆಯಾಯಿತು. ಚಾಣಗಳನ್ನು ಮತ್ತೆ ನೂರಾರು ಸಂಖ್ಯೆಗೆ ಬೆಳೆಸಿದ ಕೀರ್ತಿ ಕಾರ್ಲ್ ಜೋನ್ಸ್ ಎಂಬ ವಿಜ್ಞಾನಿಗೆ ಸಲ್ಲುತ್ತದೆ, ಸಲ್ಲಬೇಕು ಕೂಡ. ಆದರೆ ಬೆಳೆದ ಹಕ್ಕಿಗಳು ಹಾರಿ ಕೂರಲು ಕಾಡು ಉಳಿದಿರಬೇಕಲ್ಲ! ಆ ಕಾಡನ್ನು ಕಾಯುವ ಹೊಣೆ ಹೊರಲು ಅದೇ ನೆಲದಲ್ಲಿ ಹುಟ್ಟಿ, ಕಲಿತು ಬಂದ ಒಬ್ಬರು ಸಿದ್ಧರಿದ್ದರು. ಜರ್ಸಿಯ ಆ ತರಬೇತಿ ಶಾಲೆಯಲ್ಲಿ ಆನಂತರ ನೂರಕ್ಕೂ ಹೆಚ್ಚು ದೇಶಗಳ ಸಾವಿರಾರು ಮಂದಿ ಕಲಿತಿದ್ದಾರೆ.

ವನ್ಯಜೀವಿ ಸಂರಕ್ಷಣೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹುಲಿ, ಆನೆ, ಬೇಲಿ, ಜೀಪು, ಬಂದೂಕು. ಈ ಕೆಲಸಕ್ಕೆ ಮನುಷ್ಯರನ್ನು ತಯಾರು ಮಾಡಬೇಕು, ಅದಕ್ಕೆ ವರ್ಷಗಳು ಬೇಕು, ಆ ವರ್ಷಗಳಲ್ಲಿ ಅವರಿಗೆ ಊಟ, ಬಾಡಿಗೆ, ಬಸ್ ಚಾರ್ಜು ಬೇಕು ಎಂಬುದು ಕೊನೆಗೆ ನೆನಪಾಗುತ್ತದೆ. ಕರ್ನಾಟಕದಲ್ಲಂತೂ ಆ ನೆನಪು ಈಗಲಾದರೂ ಆಗಬೇಕು. 2023ರ ಗಣತಿಯ ಪ್ರಕಾರ ರಾಜ್ಯದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. 2022ರ ಅಂದಾಜಿನಂತೆ ಹುಲಿಗಳು 563. ಇಷ್ಟು ದೊಡ್ಡ ಸಂಪತ್ತಿನ ಪಕ್ಕದಲ್ಲೇ ಮನೆ ಮಾಡಿಕೊಂಡಿರುವ ಮಕ್ಕಳಲ್ಲಿ, ಅದನ್ನು ಶಾಸ್ತ್ರೀಯವಾಗಿ ಓದಿ ಅದರಲ್ಲೇ ವೃತ್ತಿ ಕಂಡುಕೊಂಡವರು ತೀರಾ ಕಡಿಮೆ.

ನಮ್ಮ ದೇಶದಲ್ಲಿ ಈ ಓದು ಹೇಗೆ ಬೆಳೆಯಿತು ಎಂಬುದನ್ನು ನೋಡಿದರೆ, ಸಣ್ಣ ಮೊತ್ತದ ಹಣ ಎಷ್ಟು ದೂರ ಹೋಗಬಲ್ಲದು ಎಂದು ತಿಳಿಯುತ್ತದೆ. ಐವತ್ತು–ಅರವತ್ತರ ದಶಕದಲ್ಲಿ ಅಮೆರಿಕದಿಂದ ಬರುತ್ತಿದ್ದ ಪಿ.ಎಲ್. 480 ಗೋಧಿಯನ್ನು ಹಿರಿಯರು ಮರೆತಿರಲಾರರು. ಆ ಗೋಧಿಗೆ ಭಾರತ ರೂಪಾಯಿಯಲ್ಲಿ ಹಣ ತೆರುತ್ತಿತ್ತು. ಹಾಗೆ ಸಂದಾಯವಾದ ರೂಪಾಯಿ ಇಲ್ಲೇ ಉಳಿಯುತ್ತಿತ್ತು, ಅದರಲ್ಲೊಂದು ಪಾಲು ವನ್ಯಜೀವಿ ಸಂಶೋಧನೆಗೆ ಹೋಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಎಂಬತ್ತರ ದಶಕದಲ್ಲಿ ಆ ಹಣದಿಂದ ರಾಜಸ್ಥಾನದ ಭರತಪುರದಲ್ಲಿ ಹತ್ತು ವರ್ಷದ ಅಧ್ಯಯನ ನಡೆಸಿತು. ಮುಂದಾಳತ್ವ ವಿ.ಎಸ್. ವಿಜಯನ್ ಅವರದು.

ಆ ಅಧ್ಯಯನ ಕಂಡುಕೊಂಡ ಸತ್ಯ ಇಂದಿಗೂ ಎಲ್ಲರೂ ತಿಳಿಯಬೇಕಾದದ್ದು. 1982ರಲ್ಲಿ ಭರತಪುರದ ಕೇವಲಾದೇವ್ ಉದ್ಯಾನದೊಳಗೆ ದನ, ಎಮ್ಮೆ ಮೇಯಿಸುವುದನ್ನು ನಿಷೇಧಿಸಲಾಯಿತು. ವಿರೋಧಿಸಿದ ಹಳ್ಳಿಗರ ಮೇಲೆ ಗೋಲಿಬಾರ್ ನಡೆದು ಜೀವಗಳು ಹೋದವು. ಹಕ್ಕಿಗಳಿಗೆ ಒಳಿತಾಗಲೆಂದು ಮಾಡಿದ ಆ ನಿಷೇಧದ ಫಲ ಬೇರೆಯೇ ಆಯಿತು. ಮೇಯಲು ಎಮ್ಮೆಗಳಿಲ್ಲದೆ ಜೊಂಡುಹುಲ್ಲು ಕೆರೆಗಳನ್ನೇ ಮುಚ್ಚಿತು. ಬಾತುಗಳಿಗೆ ತೆರೆದ ನೀರು ಕಡಿಮೆಯಾಯಿತು, ಮೀನುಗಳಿಗೂ ತೊಂದರೆಯಾಯಿತು. ವರ್ಷಗಟ್ಟಲೆ ನೀರಿನಲ್ಲಿ ನಿಂತು ಲೆಕ್ಕ ಬರೆದ ಯುವ ಸಂಶೋಧಕರಿಂದಾಗಿ ಇದು ದಾಖಲೆಗೆ ಬಂತು. ಎಮ್ಮೆ ಮೇಯಿಸುತ್ತಿದ್ದವರ ಮಕ್ಕಳಲ್ಲಿ ಒಬ್ಬರಾದರೂ ನಿಷೇಧಕ್ಕೆ ಮೊದಲೇ ಆ ತಂಡದ ಮೇಜಿನ ಬಳಿ ಕೂತಿದ್ದರೆ, ಜೀವಹಾನಿ ಆಗುವ ಮುನ್ನವೇ ಆ ಮಾತು ಕಿವಿಗೆ ಬೀಳುತ್ತಿತ್ತೋ ಏನೋ.

ನಮ್ಮದೇ ಬಂಡೀಪುರದ ಉದಾಹರಣೆ ಇದೆ. ತಮಿಳುನಾಡಿನ ಶಿವಕಾಶಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಎ.ಜೆ.ಟಿ. ಜಾನ್‌ಸಿಂಗ್ 1976ರಲ್ಲಿ ಬಂಡೀಪುರಕ್ಕೆ ಬಂದು ಎರಡು ವರ್ಷ ಸೀಳುನಾಯಿಗಳ ಹಿಂದೆ ನಡೆದರು. ಕಾಡಿನಲ್ಲಿ ಸ್ವತಂತ್ರವಾಗಿರುವ ದೊಡ್ಡ ಸಸ್ತನಿಯನ್ನು ಭಾರತೀಯರೊಬ್ಬರು ಹೀಗೆ ಶಿಸ್ತಿನಿಂದ ಅಧ್ಯಯನ ಮಾಡಿದ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಮುಂದಿನ ತರಬೇತಿ ಪಡೆದು ಮರಳಿದ ಅವರು, ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಸುಮಾರು ಎರಡು ದಶಕ ಕಲಿಸಿದರು. 2024ರಲ್ಲಿ ಅವರು ತೀರಿಕೊಂಡಾಗ ದೇಶದ ಉದ್ದಗಲಕ್ಕೂ ಅವರನ್ನು ಗುರುವೆಂದು ನೆನೆದವರಲ್ಲಿ ವಿಜ್ಞಾನಿಗಳೂ ಇದ್ದರು, ಅರಣ್ಯಾಧಿಕಾರಿಗಳೂ ಇದ್ದರು.

ಡೆಹ್ರಾಡೂನ್‌ನ ಆ ತರಗತಿಗಳು ದೊಡ್ಡವೇನಲ್ಲ. ಆದರೂ ಅಲ್ಲಿ ಓದಿ ಹೊರಬಂದ ಕೆಲವು ಗೆಳೆಯರು 1996ರಲ್ಲಿ ಮೈಸೂರಿನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಕಟ್ಟಿದರು. ಚಾರುದತ್ತ ಮಿಶ್ರಾ ಹಿಮ ಚಿರತೆಯ ನಾಡಿಗೆ ಹೋದರು, ಅಪರಾಜಿತಾ ದತ್ತಾ ಅರುಣಾಚಲದ ಮಂಗಟ್ಟೆ ಹಕ್ಕಿಗಳ ಕಾಡಿಗೆ. ಎಂ.ಡಿ. ಮಧುಸೂದನ್ ಬಂಡೀಪುರದ ಸುತ್ತಲಿನ ಹಳ್ಳಿಗಳಲ್ಲಿ ನಿಂತು ಕೆಲಸ ಮಾಡಿದರು. ವನ್ಯಜೀವಿ ಸಂರಕ್ಷಕರಿಗೆಂದೇ ಬ್ರಿಟನ್ನಿನಲ್ಲಿ ಕೊಡುವ ವಿಟ್ಲಿ ಪ್ರಶಸ್ತಿ ಮೂವರಿಗೂ ಸಂದಿದೆ. ಅದೇ ಸಂಸ್ಥೆಯ ಆನಂದ ಕುಮಾರ್ ತಮಿಳುನಾಡಿನ ವಾಲ್ಪಾರೈಯ ಚಹಾ ತೋಟಗಳಲ್ಲಿ ಆನೆಗಳಿಂದಾದ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಸತ್ತವರಲ್ಲಿ ಹೆಚ್ಚಿನವರಿಗೆ ಆನೆ ಹತ್ತಿರದಲ್ಲಿದೆ ಎಂಬ ಸುಳಿವೇ ಇರಲಿಲ್ಲ ಎಂಬುದು ಗೊತ್ತಾಯಿತು. ಮೊಬೈಲ್ ಸಂದೇಶ, ದೂರಕ್ಕೆ ಕಾಣುವ ಕೆಂಪು ದೀಪ – ಇಷ್ಟರಿಂದಲೇ ಅಲ್ಲಿ ಸಾವು ತಗ್ಗಿತು. ಮುಂದೆ ಹಾಸನ ಜಿಲ್ಲೆಯ ಆಲೂರು–ಸಕಲೇಶಪುರ ಭಾಗಕ್ಕೂ ಇಂಥ ಮುನ್ನೆಚ್ಚರಿಕೆ ವ್ಯವಸ್ಥೆ ಬಂತು.

ಸರಿಯಾಗಿ ಕಲಿತವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸರಿಸ್ಕಾ ಸಾಕ್ಷಿ. ರಾಜಸ್ಥಾನದ ಆ ಹುಲಿ ಮೀಸಲು ಪ್ರದೇಶದಲ್ಲಿ ಹದಿನೈದಕ್ಕೂ ಹೆಚ್ಚು ಹುಲಿಗಳಿವೆ ಎಂದು ಕಾಗದ ಹೇಳುತ್ತಿತ್ತು. 2005ರ ಹೊತ್ತಿಗೆ ಹುಡುಕಿದರೆ ಒಂದೂ ಇರಲಿಲ್ಲ. ಹೆಜ್ಜೆ ಗುರುತಿನ ಅಚ್ಚು ತೆಗೆದು ಹುಲಿ ಎಣಿಸುವ ಹಳೆಯ ಪದ್ಧತಿ ನೆಚ್ಚುವಂಥದ್ದಲ್ಲ ಎಂದು ಅದಕ್ಕೆ ಎಷ್ಟೋ ವರ್ಷ ಮೊದಲೇ ಹೇಳಿದ್ದವರು ಉಲ್ಲಾಸ ಕಾರಂತರು. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಬೇಸಾಯ ಮಾಡಿಕೊಂಡಿದ್ದ ಅವರು ಎಂಬತ್ತರ ದಶಕದಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಹೋಗಿ ವನ್ಯಜೀವಿ ವಿಜ್ಞಾನ ಕಲಿತರು. ನಾಗರಹೊಳೆಗೆ ಮರಳಿ, ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಸಿಕ್ಕ ಹುಲಿಗಳ ಮೈಪಟ್ಟೆ ನೋಡಿ ಒಂದೊಂದನ್ನೂ ಗುರುತು ಹಿಡಿದು, ಸಂಖ್ಯಾಶಾಸ್ತ್ರದ ಸೂತ್ರದಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು ರೂಢಿಗೆ ತಂದರು. 1995ರಲ್ಲಿ ಅದು ಪ್ರಕಟವಾಯಿತು. ಸರಿಸ್ಕಾದ ಆಘಾತದ ನಂತರ ಹೆಜ್ಜೆ ಎಣಿಕೆಯನ್ನು ಕೈಬಿಟ್ಟು ಕ್ಯಾಮೆರಾ ಟ್ರ್ಯಾಪ್ ಹಾದಿ ಹಿಡಿಯದೆ ದೇಶಕ್ಕೆ ಬೇರೆ ದಾರಿ ಇರಲಿಲ್ಲ. ಒಬ್ಬರು ನಡುಹರೆಯದಲ್ಲಿ ಮತ್ತೆ ವಿದ್ಯಾರ್ಥಿಯಾದದ್ದರಿಂದ ದೇಶಕ್ಕೆ ಆದ ಲಾಭ ಇದು.

ಇಂಥ ಅವಕಾಶ ಯಾರಿಗೆಲ್ಲ ಸಿಗುತ್ತದೆ ಎಂಬ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ.

ಎಚ್.ಡಿ. ಕೋಟೆಯ ಒಂದು ಬುಡಕಟ್ಟು ಹಾಡಿಯ ಹುಡುಗಿಯನ್ನೋ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನ ಹುಡುಗನನ್ನೋ ಮನಸ್ಸಿಗೆ ತಂದುಕೊಳ್ಳಿ. ಆಶ್ರಮ ಶಾಲೆ, ಹಾಸ್ಟೆಲು ದಾಟಿ ಬಿಎಸ್‌ಸಿ ಮುಗಿಸಿದ್ದಾರೆ. ಮುಂದೆ ವನ್ಯಜೀವಿ ವಿಜ್ಞಾನ ಓದುವ ಆಸೆ. ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಷಯದ ಸ್ನಾತಕೋತ್ತರ ಶಿಕ್ಷಣವಿದೆ, ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2004ರ ಸುಮಾರಿಗೆ ಶುರುವಾದ ವನ್ಯಜೀವಿ ಎಂಎಸ್‌ಸಿ ದೇಶದಲ್ಲೇ ಹೆಸರಾದದ್ದು, ಆದರೆ ಒಂದು ತಂಡದಲ್ಲಿ ಸೀಟು ಬೆರಳೆಣಿಕೆಯಷ್ಟು. ಸೀಟು ಗಿಟ್ಟಿಸುವುದು ಮೊದಲ ಹೊಸ್ತಿಲು ಮಾತ್ರ. ನಂತರದ ಹೊಸ್ತಿಲುಗಳೇ ಎತ್ತರದವು.

ಓದು ಮುಗಿದ ಮೇಲೆ ಕೆಲಸ ಕೇಳಲು ಹೋದರೆ ಎಲ್ಲರೂ ಕೇಳುವುದು ಫೀಲ್ಡ್ ಅನುಭವ. ಆ ಅನುಭವ ಸಿಗುವುದು ಸಂಬಳವಿಲ್ಲದ ಇಂಟರ್ನ್‌ಶಿಪ್‌ಗಳಲ್ಲಿ, ಊಟ–ವಸತಿಯಷ್ಟೇ ಕೊಡುವ ಆರು ತಿಂಗಳ ಕೆಲಸಗಳಲ್ಲಿ. ಕೆಲವು ದೇಶಗಳಲ್ಲಿ ಸ್ವಯಂಸೇವಕರೇ ಕೈಯಿಂದ ಹಣ ಕಟ್ಟಿ ಕೆಲಸ ಮಾಡುವ ಪದ್ಧತಿಯೂ ಇದೆ. ಬೈನಾಕ್ಯುಲರ್, ಲ್ಯಾಪ್‌ಟಾಪ್, ಬೂಟು ಎಲ್ಲವೂ ಸ್ವಂತ ಖರ್ಚು. ಮನೆಯಿಂದ ತಿಂಗಳಿಗೆ ಹಣ ತರಿಸಿಕೊಳ್ಳಬಲ್ಲ ನಗರದ ಯುವಕರು ಆ ಎರಡು–ಮೂರು ವರ್ಷಗಳನ್ನು ಹೇಗೋ ದಾಟುತ್ತಾರೆ. ತಾನೇ ಮನೆಗೆ ಹಣ ಕಳಿಸಬೇಕಾದವರು ಅಲ್ಲಿಗೇ ನಿಲ್ಲುತ್ತಾರೆ. ಸಂಶೋಧನೆಗೆ ಹೋಗುವವರಿಗೆ ಸಿಎಸ್‌ಐಆರ್ ನೆಟ್ ಪರೀಕ್ಷೆ ಪಾಸಾದರೆ ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಸಿಗುತ್ತದೆ ನಿಜ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ, ಗೌರವದಿಂದ ಬದುಕಬಹುದಾದ ಮೊತ್ತವೇ. ಆದರೆ ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಆನೆಯ ಲದ್ದಿ ನೋಡಿ ಅದು ಯಾವ ಹೊತ್ತಿನದು, ಆನೆ ಏನು ತಿಂದಿತ್ತು ಎಂದು ಹೇಳಬಲ್ಲವರಿಗೆ ಆ ಪರೀಕ್ಷೆಯಲ್ಲಿ ಒಂದು ಅಂಕವೂ ಇಲ್ಲ.

ಹೊರದೇಶದ ವಿದ್ಯಾರ್ಥಿವೇತನಗಳು ಇಲ್ಲದಿಲ್ಲ. ಹಲವು ನಿಜಕ್ಕೂ ಉದಾರವಾದವು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮ್ಯಾಕ್‌ಡೊನಾಲ್ಡ್ 1986ರಲ್ಲಿ ಕಟ್ಟಿದ ವೈಲ್ಡ್‌ಕ್ರೂ ಎಂಬ ಘಟಕ, ಬಡ ದೇಶಗಳಲ್ಲಿ ಆಗಲೇ ಕ್ಷೇತ್ರಕ್ಕಿಳಿದಿರುವ ಯುವ ಸಂರಕ್ಷಕರನ್ನು ಕರೆಸಿ, ಖರ್ಚನ್ನೆಲ್ಲ ತಾನೇ ಹೊತ್ತು ಕಲಿಸುವ ಡಿಪ್ಲೊಮಾ ರೂಪಿಸಿತು. ಜಿಂಬಾಬ್ವೆಯ ಹ್ವಾಂಗೆಯಲ್ಲಿ 2015ರಲ್ಲಿ ಬೇಟೆಗೆ ಬಲಿಯಾದ ಸಿಸಿಲ್ ಎಂಬ ಸಿಂಹ ಇದೇ ಘಟಕದ ಅಧ್ಯಯನದಲ್ಲಿತ್ತು. ಆಗ ಜಗತ್ತಿನಾದ್ಯಂತ ಜನ ಈ ಘಟಕಕ್ಕೆ ದೇಣಿಗೆ ಕಳಿಸಿದರು. ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದ ಜಿಂಬಾಬ್ವೆಯ ಮೋರ್‌ಏಂಜೆಲ್ಸ್ ಎಂಬಿಜಾ ಈಗ ತಮ್ಮ ದೇಶದಲ್ಲೇ ಸಂಸ್ಥೆ ಕಟ್ಟಿ, ಸಿಂಹಗಳಿರುವ ಕಡೆಯ ಹಳ್ಳಿಗರ ಜತೆ ದುಡಿಯುತ್ತಿದ್ದಾರೆ. ಭಾರತದವರಿಗೆಂದೇ ಇರುವುದು ರವಿ ಶಂಕರನ್ ಇನ್‌ಲ್ಯಾಕ್ಸ್ ಫೆಲೋಶಿಪ್. 2009ರಲ್ಲಿ ಅಕಾಲಿಕವಾಗಿ ತೀರಿಕೊಂಡ ಪಕ್ಷಿವಿಜ್ಞಾನಿ ರವಿ ಶಂಕರನ್ ಅವರ ಹೆಸರಿನಲ್ಲಿ ಅದು ನಡೆಯುತ್ತಿದೆ. ಸಣ್ಣ ಯೋಜನೆಗಳಿಗೆ ರಫರ್ಡ್ ಪ್ರತಿಷ್ಠಾನದ ನೆರವಿದೆ. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರವನ್ನು ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ್ದು ವಿಟ್ಲಿ ಪ್ರಶಸ್ತಿಯ ಹಣದ ಬಲದಿಂದ. ಕಾಳಿಂಗ ಸರ್ಪದ ಅಧ್ಯಯನದಲ್ಲಿ ಪಳಗಿದ ಎಷ್ಟೋ ಯುವಕ ಯುವತಿಯರು ಅಲ್ಲಿಂದಲೇ ಹೊರಟವರು.

ಇಷ್ಟೆಲ್ಲ ಇದ್ದರೂ ಇವುಗಳಿಗೆ ಅರ್ಜಿ ಹಾಕುವುದೇ ಒಂದು ವಿದ್ಯೆ. ಇಂಗ್ಲಿಷ್‌ನಲ್ಲಿ ಪ್ರಸ್ತಾವನೆ ಬರೆಯಬೇಕು, ಇಬ್ಬರು ವಿಜ್ಞಾನಿಗಳ ಶಿಫಾರಸು ಪತ್ರ ತರಬೇಕು, ವಿಡಿಯೊ ಸಂದರ್ಶನ ಕೊಡಬೇಕು. ಇಂಗ್ಲಿಷ್ ಜ್ಞಾನ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಶುಲ್ಕವೇ 15,000 ರೂಪಾಯಿ ದಾಟುತ್ತದೆ. ಕಾಡಂಚಿನ ಎಷ್ಟೋ ಕುಟುಂಬಗಳ ತಿಂಗಳ ಆದಾಯಕ್ಕಿಂತ ಅದು ಹೆಚ್ಚು. ಈ ವಿದ್ಯಾರ್ಥಿವೇತನ ಕೊಡುವವರಲ್ಲಿ ತಪ್ಪಿಲ್ಲ. ಅವರ ಬಾಗಿಲವರೆಗೆ ನಮ್ಮ ಮಕ್ಕಳನ್ನು ಕೈಹಿಡಿದು ಕರೆದೊಯ್ಯುವ ಏರ್ಪಾಟು ಮಾಡುವುದು ನಮ್ಮ ಕೆಲಸ, ಅದನ್ನು ನಾವು ಮಾಡಿಲ್ಲ.

ಮಾಡಿದರೆ ಏನಾಗುತ್ತದೆ ಎಂಬುದೂ ಗೊತ್ತಿರುವ ಸಂಗತಿಯೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಮಕ್ಕಳಿಗೆ ಅಕ್ಷರದ ದಾರಿ ತೋರಿತು. ಸೋಲಿಗರಲ್ಲಿ ಮೊದಲ ಡಾಕ್ಟರೇಟ್ ಪಡೆದ ಸಿ. ಮಾದೇಗೌಡರು ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯಲ್ಲಿ ಸಂಶೋಧಕರಾದರು, ತಮ್ಮ ಜನರ ಅರಣ್ಯ ಹಕ್ಕಿಗಾಗಿಯೂ ದುಡಿದರು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ಆ ಬೆಟ್ಟವಿರುವ ಚಾಮರಾಜನಗರ ಜಿಲ್ಲೆಯಲ್ಲೇ, ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ 2025ರ ಜೂನ್‌ನಲ್ಲಿ ಒಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷವಿಟ್ಟ ಹಸುವಿನ ಕಳೇಬರ ತಿಂದು ಸತ್ತವು. ಹಸು ಕಳೆದುಕೊಂಡವರ ಸಿಟ್ಟು ಇಷ್ಟು ಬೆಳೆಯುವ ಮುನ್ನ ಹಳ್ಳಿಯ ಜಗಲಿಯ ಮೇಲೆ ಕೂತು, ಅದೇ ಆಡುಮಾತಿನಲ್ಲಿ ಮಾತಾಡಿ, ಪರಿಹಾರದ ಅರ್ಜಿ ತುಂಬಿಸಿ, ಇಲಾಖೆಗೆ ಸುದ್ದಿ ಮುಟ್ಟಿಸುವ, ವಿಷಯ ಬಲ್ಲ ಸ್ಥಳೀಯರು ಎಲ್ಲ ವಲಯಗಳಲ್ಲೂ ಬೇಕು. ಅವರು ತಾವಾಗಿ ಹುಟ್ಟಿಬರುವುದಿಲ್ಲ.

ಮೊದಲು ಕಾಡು ಕಾಯುವ ವಾಚರ್‌ಗಳಿಗೆ ಸರಿಯಾಗಿ ಸಂಬಳ ಕೊಡಿ, ಬೇಲಿ ಹಾಕಿಸಿ, ಓದಿನ ಮಾತು ಆಮೇಲೆ ಎಂದು ಕೆಲವರು ಹೇಳುತ್ತಾರೆ. ವಾಚರ್‌ಗಳ ಸಂಬಳದ ಮಾತು ನೂರಕ್ಕೆ ನೂರು ಸರಿ. ಬೇಲಿಯ ಲೆಕ್ಕ ಮಾತ್ರ ಸ್ವಲ್ಪ ನೋಡಬೇಕು. ಆನೆ ತಡೆಯಲು ಹಾಕುವ ರೈಲ್ವೆ ಹಳಿ ಬೇಲಿಗೆ ಒಂದು ಕಿಲೋಮೀಟರಿಗೆ ಒಂದು ಕೋಟಿ ರೂಪಾಯಿಗಿಂತ ಹೆಚ್ಚು ತಗಲುತ್ತದೆ. ಜೆಆರ್‌ಎಫ್ ದರದಲ್ಲೇ ತಿಂಗಳಿಗೆ 37,000 ಕೊಟ್ಟರೂ ಒಬ್ಬರಿಗೆ ವರ್ಷಕ್ಕೆ 4.44 ಲಕ್ಷ. ಒಂದು ಕೋಟಿಯಲ್ಲಿ ಹನ್ನೊಂದು ಮಂದಿ ಯುವಕ ಯುವತಿಯರನ್ನು ಎರಡು ವರ್ಷ ಪೂರ್ತಿ ತರಬೇತಿಗೊಳಿಸಬಹುದು. ಬೇಲಿ ಬೇಡ ಎಂದು ಯಾರೂ ಹೇಳುತ್ತಿಲ್ಲ. ಎಷ್ಟೋ ಕಡೆ ಅದಿಲ್ಲದೆ ರೈತರು ಬೆಳೆ ಉಳಿಸಿಕೊಳ್ಳಲಾರರು. ಆದರೆ ಬೇಲಿ ಎಲ್ಲಿ ಹಾಕಬೇಕು, ಆನೆ ಎಲ್ಲಿ ದಾಟುತ್ತದೆ, ಒಂದು ಊರಿಗೆ ಬೇಲಿ ಹಾಕಿದರೆ ಪಕ್ಕದ ಯಾವ ಊರಿಗೆ ಆನೆ ಹೊರಳುತ್ತದೆ ಎಂದು ಅಳೆದು ಹೇಳಲು ಈ ಹನ್ನೊಂದು ಜನರೇ ಬೇಕು.

ಹಣದ ಮೂಲಕ್ಕೆ ಕಾನೂನಿನಲ್ಲೇ ದಾರಿಯಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಸೇರಿಸಿದ 38 ಎಕ್ಸ್ ಕಲಮಿನಂತೆ ಹುಲಿ ಮೀಸಲು ಪ್ರದೇಶಗಳಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿವೆ. ಸಂಶೋಧನೆ, ಪರಿಸರ ಶಿಕ್ಷಣ ಮತ್ತು ತರಬೇತಿಗೆ ಬೆಂಬಲ ಕೊಡುವುದು ಅವುಗಳ ಉದ್ದೇಶಗಳಲ್ಲಿ ಒಂದು ಎಂದು ಆ ಕಲಮು ಸ್ಪಷ್ಟವಾಗಿ ಹೇಳಿದೆ. ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟ – ರಾಜ್ಯದ ಐದೂ ಹುಲಿ ಮೀಸಲು ಪ್ರದೇಶಗಳು ಪ್ರವಾಸಿಗರಿಂದ ಬರುವ ಹಣದಲ್ಲಿ ಒಂದು ಸಣ್ಣ ಪಾಲನ್ನು ಸುತ್ತಲಿನ ಹಳ್ಳಿ, ಹಾಡಿಗಳ ಪದವೀಧರರ ತರಬೇತಿಗೆ ಎತ್ತಿಡಬಹುದು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಮೀಸಲಿಡಬೇಕು. ಆ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ಸಸ್ಯ–ಪ್ರಾಣಿ ಸಂಕುಲದ ರಕ್ಷಣೆಯೂ ಇದೆ. ಬೆಂಗಳೂರಿನ ಕಂಪನಿಗಳಿಗೆ ಎರಡನ್ನೂ ಒಟ್ಟಿಗೆ ಮಾಡುವ ಅವಕಾಶ ಇದು.

ಹಣ ಬಂದ ಮೇಲೆ ಅದನ್ನು ಕೊಡುವ ರೀತಿಯೂ ಮುಖ್ಯ. ಕಾಲೇಜು ಶುಲ್ಕ ಕಟ್ಟಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಓದು ಮುಗಿಸಿ ಕೆಲಸ ಹಿಡಿಯುವ ನಡುವಿನ ಆ ಎರಡು ವರ್ಷಕ್ಕೇ ಶಿಷ್ಯವೇತನ ಬೇಕು, ಪ್ರತಿ ತಿಂಗಳು ತಪ್ಪದೆ ಖಾತೆಗೆ ಬೀಳಬೇಕು. ಅಪಘಾತ ವಿಮೆ ಇರಲೇಬೇಕು, ಕಾಡಿನ ಕೆಲಸದಲ್ಲಿ ಆನೆ, ಹಾವು, ಜ್ವರ ಎಲ್ಲವೂ ಇವೆ. ಕ್ಯಾಮೆರಾ ಟ್ರ್ಯಾಪ್ ಜೋಡಿಸುವುದು, ಜಿಪಿಎಸ್ ನಕ್ಷೆ ಮಾಡುವುದು, ಅಂಕಿಅಂಶ ಬಿಡಿಸುವುದು, ವರದಿ ಬರೆಯುವುದು – ಇವನ್ನು ಮೊದಲು ಕನ್ನಡದಲ್ಲಿ ಕಲಿಸಿ, ಜತೆಜತೆಗೇ ಇಂಗ್ಲಿಷ್ ಗಟ್ಟಿ ಮಾಡಿಸಬೇಕು. ಆಯ್ಕೆಯ ಸಂದರ್ಶನ ಕಾಡಿನಲ್ಲೇ ನಡೆಯಲಿ, ಕನ್ನಡದಲ್ಲಿ ನಡೆಯಲಿ. ಹೆಣ್ಣುಮಕ್ಕಳಿಗೆ ಫೀಲ್ಡ್ ಕ್ಯಾಂಪ್‌ನಲ್ಲಿ ಸುರಕ್ಷಿತ ವಸತಿ ಇಲ್ಲದೆ ಅವರನ್ನು ಬನ್ನಿ ಎನ್ನುವುದು ಸರಿಯಲ್ಲ.

ಹುಲಿ–ಆನೆಯ ಕಾಡಿಗೆ ಮಾತ್ರ ಇದು ನಿಲ್ಲಬಾರದು. ಬಳ್ಳಾರಿಯ ಸಿರುಗುಪ್ಪದ ಹೊಲಗಳಲ್ಲಿ ಎರೆಭೂತ ಹಕ್ಕಿ ಕೊನೆಯ ಉಸಿರು ಹಿಡಿದಿದೆ. ಕೊಪ್ಪಳದ ಬಂಕಾಪುರದಲ್ಲಿ ತೋಳಗಳಿಗೆಂದು ಧಾಮವಾಗಿದೆ. ಹುಲ್ಲುಗಾವಲಿನ ತೋಳವನ್ನು ಹತ್ತಿರದಿಂದ ಬಲ್ಲವರು ಕುರಿಗಾಹಿಗಳು. ಅದರಿಂದ ಕುರಿ ಕಳೆದುಕೊಂಡವರೂ ಅವರೇ. ಕುರಿಹಟ್ಟಿಯಲ್ಲಿ ಬೆಳೆದ ಹುಡುಗನೊಬ್ಬ ತೋಳದ ಮೇಲೆ ಪ್ರಬಂಧ ಬರೆದು ತನ್ನ ಊರಿನವರ ಮುಂದೆ ನಿಂತು ಮಾತಾಡಿದರೆ, ಆ ಮಾತಿಗೆ ಇರುವ ತೂಕ ಹೊರಗಿನಿಂದ ಬಂದ ಯಾವ ತಜ್ಞನ ಮಾತಿಗೂ ಇರದು. ಕಲ್ಯಾಣ ಕರ್ನಾಟಕದ ಬಯಲಿಗೆ ಈ ವಿದ್ಯಾರ್ಥಿವೇತನ ಮಲೆನಾಡಿನಷ್ಟೇ ಅಗತ್ಯ.

ತರಬೇತಿ ಪಡೆದವರಿಗೆ ಮುಂದೆ ಕೆಲಸವೂ ಇರಬೇಕು. ಹುಲಿ ಮೀಸಲು ಪ್ರದೇಶಗಳಲ್ಲಿ ವನ್ಯಜೀವಿ ಜೀವಶಾಸ್ತ್ರಜ್ಞರನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡು, ಯೋಜನೆ ಮುಗಿದೊಡನೆ ಕಳಿಸಿಬಿಡುವ ರೂಢಿ ನಿಲ್ಲಬೇಕು. ಆನೆ ಹಾವಳಿಯ ವಲಯಗಳಲ್ಲಿ ಒಂದೊಂದು ಕಾಯಂ ಹುದ್ದೆ ಸೃಷ್ಟಿಸಿ, ಅದಕ್ಕೆ ಈ ತರಬೇತಿಯನ್ನೇ ಅರ್ಹತೆಯನ್ನಾಗಿ ಮಾಡಿದರೆ, ಓದಿದ ಮಕ್ಕಳು ಬೆಂಗಳೂರಿನ ಯಾವುದೋ ಗೋದಾಮಿನ ಕೆಲಸಕ್ಕೆ ಹೋಗಬೇಕಾಗಿಲ್ಲ.

ಅರಣ್ಯ ಇಲಾಖೆ, ಸಮಾಜ ಕಲ್ಯಾಣ ಇಲಾಖೆ ಮತ್ತು ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ ಒಟ್ಟಿಗೆ ಕೂತರೆ ಮುಂದಿನ ಬಜೆಟ್‌ಗೆ ಮೊದಲೇ ಇದರ ರೂಪುರೇಷೆ ಸಿದ್ಧವಾಗಬಹುದು. ಮೊದಲ ವರ್ಷ ಐದು ಹುಲಿ ಮೀಸಲು ಪ್ರದೇಶಗಳಿಂದ ತಲಾ ಇಬ್ಬರು, ಬಯಲು ಸೀಮೆಯಿಂದ ಇಬ್ಬರು, ಒಟ್ಟು ಹನ್ನೆರಡು ಮಂದಿಯನ್ನು ಆರಿಸಲಿ. ಜೆಆರ್‌ಎಫ್ ದರದಲ್ಲಿ ಅವರ ಒಂದು ವರ್ಷದ ಶಿಷ್ಯವೇತನಕ್ಕೆ ಬೇಕಾಗುವುದು 53.28 ಲಕ್ಷ ರೂಪಾಯಿ.